ಹಳೇ ಡೆಬಿಯನ್ 8, 32 ಬಿಟ್ ನೆಟ್‌ಬುಕ್: ಝೀಟೆಕ್‌ನಲ್ಲಿ ಕನ್ನಡ ಪುಸ್ತಕ ಮಾಡ್ಬೇಕು, ಇನ್‌ಸ್ಟಾಲೇ ಆಗ್ತಿಲ್ಲ

ಮಳೆಗಾಲದ_ಮೋಡೆಮ್:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ ಬೈಕೋಬೇಡಿ. ನಮ್ಮಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, 74 ವಯಸ್ಸು, ಊರಲ್ಲಿ ಮೊದಲು ನಡೀತಿದ್ದ ತಾಳಮದ್ದಳೆ ಕೂಟಗಳ ಬಗ್ಗೆ ಐದಾರು ವರ್ಷದಿಂದ ಬರೀತಾ ಕೂತಿದಾರೆ. ಬರಿಯೋದು ಒಂದು ಹಳೇ ನೆಟ್‌ಬುಕ್‌ನಲ್ಲಿ. ಆಟಂ ಎನ್270, 1 ಜಿಬಿ ರ‍್ಯಾಮ್, 8 ಜಿಬಿ ಎಸ್‌ಎಸ್‌ಡಿ, ಅದರಲ್ಲಿ ಸುಮಾರು 3 ಜಿಬಿ ಖಾಲಿ ಇದೆ. ಓಎಸ್ ಡೆಬಿಯನ್ 8, ನಾನೇ ಯಾವಾಗ್ಲೋ ಹಾಕಿಕೊಟ್ಟಿದ್ದು. ಕೀಬೋರ್ಡ್ ಲೇಔಟ್ ಅವರ ಬೆರಳಿಗೆ ಕೂತುಬಿಟ್ಟಿದೆ, ಎಲ್ಲಾ ಯೂನಿಕೋಡ್ ಟೆಕ್ಸ್ಟ್ ಫೈಲು, ಅಧ್ಯಾಯಕ್ಕೊಂದು.

ಈಗ ಪುಸ್ತಕ ಮಾಡ್ಬೇಕು ಅಂತ. ಪೇಟೇಲಿ ಒಂದು ಪ್ರೆಸ್ಸಲ್ಲಿ ಕೇಳಿದ್ರೆ, ನಾವೇ ನುಡಿಗೆ ಕನ್ವರ್ಟ್ ಮಾಡಿ ಪೇಜ್‌ಮೇಕರ್‌ಗೆ ಹಾಕ್ತೀವಿ ಅಂದ್ರು, ಒಂದು ಅಧ್ಯಾಯ ಸ್ಯಾಂಪಲ್ ಮಾಡಿಕೊಟ್ರು, ಅದರಲ್ಲಿ ಅರ್ಕಾವೊತ್ತು ಇರೋ ಕಡೆಯಲ್ಲೆಲ್ಲ ಏನೇನೋ ಆಗಿತ್ತು, ಅಪ್ಪ ಕೆಂಪು ಪೆನ್ನಲ್ಲಿ ಗುರುತು ಹಾಕಿ ಹಾಕಿ ಪೇಜೇ ಕೆಂಪಗಾಯ್ತು. ನಾನು ಕಾಲೇಜಲ್ಲಿ ಪ್ರಾಜೆಕ್ಟ್ ರಿಪೋರ್ಟ್‌ಗೆ ಲೇಟೆಕ್ ಬಳಸಿದ್ದೆ (ಟೆಕ್ಸ್ಟ್ ಫೈಲಲ್ಲೇ ಕಮಾಂಡ್ ಬರೆದು ಪುಟ ಜೋಡಿಸೋ ಸಾಫ್ಟ್‌ವೇರು), ಅದನ್ನ ಯೂನಿಕೋಡ್ ಕನ್ನಡಕ್ಕೆ ಓಡಿಸೋ ಝೀಟೆಕ್ ಎಂಜಿನ್‌ನಲ್ಲೇ ಮಾಡಿ ಪಿಡಿಎಫ್ ಕೊಡೋಣ ಅಂತ ಹೊರಟೆ.

ಅಪ್ಪಂದು ಒಂದೇ ಕಂಡೀಶನ್ನು: ಆ ಮಷೀನ್‌ನಲ್ಲಿ ಏನೂ ಬದಲಾಗಬಾರದು, ಮತ್ತೆ ಅಲ್ಲೇ ಪಿಡಿಎಫ್ ಆಗ್ಬೇಕು, ತಿದ್ದಿದ ತಕ್ಷಣ ಪುಟ ಹೇಗೆ ಕಾಣತ್ತೆ ಅಂತ ಅವರೇ ನೋಡ್ಬೇಕು. ಅಂದ್ರೆ ಓಎಸ್ ಅಪ್‌ಗ್ರೇಡ್ ಅನ್ನೋ ಮಾತೇ ಇಲ್ಲ.

ಆಗಿರೋದು ಇಷ್ಟು. ಆಪ್ಟ್-ಗೆಟ್ ಅಪ್‌ಡೇಟ್ ಕೊಟ್ರೆ ಎಲ್ಲಾ ಸಾಲಿಗೂ 404 ನಾಟ್ ಫೌಂಡ್. ಸರಿ ಅಂತ ಟೆಕ್ ಲೈವ್ (ಝೀಟೆಕ್ ಎಲ್ಲಾ ಒಟ್ಟಿಗೆ ಬರೋ ಸೆಟ್ಟು, ವರ್ಷಕ್ಕೊಂದು) ಸೈಟಿಂದ ಇನ್‌ಸ್ಟಾಲರ್ ತರೋಣ ಅಂದ್ರೆ ಡೌನ್‌ಲೋಡ್ ಮಾಡೋ ಡಬ್ಲ್ಯುಗೆಟ್ಟು ಸರ್ಟಿಫಿಕೇಟ್ ಇನ್ನೂ ಆಕ್ಟಿವೇಟ್ ಆಗಿಲ್ಲ ಅಂತ ಏನೋ ಹೇಳಿ ನಿಲ್ಲತ್ತೆ. ಗೆಳೆಯ ಒಬ್ಬ ಪೆನ್‌ಡ್ರೈವಲ್ಲಿ ಟೆಕ್ ಲೈವ್ 2018 ಕೊಟ್ಟ, ಬೇಸಿಕ್ ಸ್ಕೀಮ್ ಮಾತ್ರ ಕೂತ್ಕೊಳ್ತು, ಟಿಎಲ್‌ಮ್ಯಾನೇಜರಲ್ಲಿ ಬೇರೆ ಪ್ಯಾಕೇಜ್ ಕೇಳಿದ್ರೆ ರಿಮೋಟ್ ರೆಪಾಸಿಟರಿ ಹೊಸದು, ನಿಂದು 2018, ಆಗಲ್ಲ ಹೋಗು ಅನ್ನತ್ತೆ. ಒಳಗಿನ ಗಡಿಯಾರದ ಬ್ಯಾಟರಿ ಸತ್ತಿರೋದ್ರಿಂದ ಬೂಟ್ ಆದಾಗೆಲ್ಲ ಡೇಟು 2009 ಜನವರಿ 1 ಅಂತ ತೋರಿಸತ್ತೆ, ಅದು ಬಿಡಿ, ಅಪ್ಪಂಗೆ ಅದರಿಂದ ಏನೂ ತೊಂದ್ರೆ ಇಲ್ಲ.

ಕಮಾಂಡ್‌ಗಳನ್ನ ಕನ್ನಡದಲ್ಲೇ ಬರೆದಿದೀನಿ, ಫೋನಲ್ಲಿ ಕೀಬೋರ್ಡ್ ಬದಲಿಸಿ ಬದಲಿಸಿ ಸಾಕಾಯ್ತು.

ಹೊಸದೇ_ಬೇಕು:

ಇಷ್ಟೆಲ್ಲ ಯಾಕೆ ಗುರು. ಆ ಪ್ರೊಸೆಸರ್ರಿಗೆ ಡೆಬಿಯನ್ 12 ಆರಾಮಾಗಿ ಹಾಕ್ಬಹುದು, 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ತೆಗೆದುಬಿಟ್ರು ಅಷ್ಟೆ, 12ರಲ್ಲಿ ಇದೆ, ಟೆಕ್ ಲೈವ್ 2022 ಸಿಗತ್ತೆ. ಇಲ್ಲಾಂದ್ರೆ ಫೈಲು ಪೆನ್‌ಡ್ರೈವಿಗೆ ಹಾಕ್ಕೊಂಡು ನಿಮ್ಮ ಲ್ಯಾಪ್‌ಟಾಪಲ್ಲಿ ಮಾಡಿ, ಹತ್ತು ನಿಮಿಷದ ಕೆಲ್ಸ.

ಮೊಳೆಜೋಡಣೆ:

ಮೇಲಿನವ್ರೇ, ಅಪ್ಪನ ಕಂಡೀಶನ್ ಓದ್ಲಿಲ್ವಾ ನೀವು 😄 ಅಪ್‌ಗ್ರೇಡ್ ಮಾಡಿ ನಾಳೆ ಆ ಕೀಬೋರ್ಡ್ ಲೇಔಟ್ ಎಲ್ಲೋ ಹೋಯ್ತು ಅಂದ್ರೆ ಮೇಷ್ಟ್ರು ಬೆತ್ತ ತಗೋತಾರೆ.

ಮೋಡೆಮ್ ಅವ್ರೇ, ನೀವು "ಅದು ಬಿಡಿ" ಅಂತ ಬಿಟ್ರಲ್ಲ, ಆ ಡೇಟು, ನಿಮ್ಮ ಅರ್ಧ ಸಮಸ್ಯೆ ಅದೇ. ಮಷೀನು ತಾನು 2009ರಲ್ಲಿ ಇದೀನಿ ಅಂದ್ಕೊಂಡಿದೆ, ವೆಬ್‌ಸೈಟಿನ ಸರ್ಟಿಫಿಕೇಟ್ ಮೇಲೆ ಈ ವರ್ಷದ ತಾರೀಕು ಇದೆ, ಅದರ ಲೆಕ್ಕದಲ್ಲಿ ಈ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ, ಅದಕ್ಕೇ ಆಕ್ಟಿವೇಟ್ ಆಗಿಲ್ಲ ಅನ್ನೋದು. ಮೊದಲು ರೂಟ್ ಆಗಿ ಡೇಟ್ ಕಮಾಂಡಲ್ಲಿ ಸರಿ ಟೈಮ್ ಕೊಡಿ, ಆಮೇಲೆ ಎಚ್‌ಡಬ್ಲ್ಯುಕ್ಲಾಕ್‌ಗೆ ಡಬಲ್ ಡ್ಯಾಶ್ ಸಿಸ್‌ಟುಎಚ್‌ಸಿ. ಮದರ್‌ಬೋರ್ಡ್ ಮೇಲಿರೋ ನಾಣ್ಯದ ಥರದ ಸೆಲ್ ಸತ್ತಿರೋದ್ರಿಂದ ಪವರ್ ತೆಗೆದ್ರೆ ಮತ್ತೆ ಹೋಗತ್ತೆ. ಅದು ಸಾಮಾನ್ಯವಾಗಿ ಸಿಆರ್2032, ವಾಚ್ ರಿಪೇರಿ ಅಂಗಡೀಲೂ ಸಿಗತ್ತೆ, ಆದ್ರೆ ಕೆಲವು ನೆಟ್‌ಬುಕ್‌ನಲ್ಲಿ ಸೆಲ್ಲಿಗೆ ಎರಡು ವೈರ್ ಬೆಸೆದಿರ್ತಾರೆ, ಬಿಚ್ಚೋ ಮೊದ್ಲು ನೋಡ್ಕೊಳಿ.

ಡೇಟ್ ಸರಿ ಮಾಡಿದ ಮೇಲೂ ಎಚ್‌ಟಿಟಿಪಿಎಸ್ ಕೈಕೊಡಬಹುದು. 2021ರ ಸೆಪ್ಟೆಂಬರ್ 30ಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಬಳಸ್ತಿದ್ದ ಹಳೇ ರೂಟ್ ಸರ್ಟಿಫಿಕೇಟ್ ಎಕ್ಸ್‌ಪೈರ್ ಆಯ್ತು, ಹಳೇ ಸಿಸ್ಟಮ್‌ಗಳು ಅವತ್ತಿಂದ ಎಷ್ಟೋ ಸೈಟುಗಳನ್ನ ನಂಬಲ್ಲ. ಹಾಗಾಗಿ ಅದರ ಹಿಂದೆ ಬೀಳ್ಬೇಡಿ, ಡೆಬಿಯನ್ ಆರ್ಕೈವ್ ಸಾದಾ ಎಚ್‌ಟಿಟಿಪಿಯಲ್ಲೇ ಬರತ್ತೆ.

404 ಯಾಕಂದ್ರೆ ಡೆಬಿಯನ್ 8, ಅಂದ್ರೆ ಜೆಸ್ಸಿ, 2015ರದ್ದು, 2020ರ ಜೂನ್‌ಗೆ ಎಲ್‌ಟಿಎಸ್ಸೂ (ಹೆಚ್ಚುವರಿ ವರ್ಷಗಳ ಅಪ್‌ಡೇಟ್ ಬೆಂಬಲ) ಮುಗೀತು, ಫೈಲುಗಳನ್ನೆಲ್ಲ ಮಾಮೂಲಿ ಮಿರರ್‌ಗಳಿಂದ ಎತ್ತಿ ಆರ್ಕೈವ್ ಡಾಟ್ ಡೆಬಿಯನ್ ಡಾಟ್ ಆರ್ಗ್‌ಗೆ ಹಾಕಿದಾರೆ. ಸೋರ್ಸಸ್ ಡಾಟ್ ಲಿಸ್ಟ್‌ನಲ್ಲಿರೋದನ್ನೆಲ್ಲ ಕಾಮೆಂಟ್ ಮಾಡಿ ಒಂದೇ ಸಾಲು ಬಿಡಿ: ಆ ಅಡ್ರೆಸ್ಸು, ಸ್ಲ್ಯಾಶ್ ಡೆಬಿಯನ್, ಜೆಸ್ಸಿ, ಮೇನ್. ಜೆಸ್ಸಿ-ಅಪ್‌ಡೇಟ್ಸ್ ಅನ್ನೋ ಸಾಲು ಇದ್ರೆ ಅಳಿಸೇಬಿಡಿ, ಅದನ್ನ 2019ರ ಮಾರ್ಚ್‌ನಲ್ಲೇ ತೆಗೆದ್ರು, ಅವತ್ತು ಜಗತ್ತಲ್ಲಿ ಎಷ್ಟು ಜನರ ಡಾಕರ್ ಬಿಲ್ಡ್ ಮುರಿದುಬಿತ್ತು ಅಂದ್ರೆ, ನಮ್ಮ ಆಫೀಸಲ್ಲೇ ಬೆಳಗ್ಗೆಯಿಂದ ಸಂಜೆ ತನಕ ಅದೇ ಗಲಾಟೆ. ಅಪ್‌ಡೇಟ್ ಮಾಡಿದಾಗ ಕೀ ಎಕ್ಸ್‌ಪೈರ್ ಆಗಿದೆ ಅಂತ ಬೈಯತ್ತೆ, ಇನ್‌ಸ್ಟಾಲ್ ಮಾಡೋವಾಗ ಈ ಪ್ಯಾಕೇಜ್‌ಗಳನ್ನ ದೃಢಪಡಿಸೋಕೆ ಆಗಲ್ಲ, ಪರವಾಗಿಲ್ವಾ ಅಂತ ಕೇಳತ್ತೆ, ವೈ ಒತ್ತಿ. ಬ್ಯಾಂಕ್ ವ್ಯವಹಾರ ಮಾಡೋ ಮಷೀನ್ ಆಗಿದ್ರೆ ನಾನು ಈ ಸಲಹೆ ಕೊಡ್ತಿರ್ಲಿಲ್ಲ, ಇದು ಬರೀ ಬರಿಯೋ ಪೆಟ್ಟಿಗೆ, ಕೆಲಸ ಮುಗಿದ ಮೇಲೆ ವೈಫೈ ಆಫ್ ಮಾಡಿ ಇಟ್ಬಿಡಿ.

ಈಗ ಮುಖ್ಯ ವಿಷಯ. ಟೆಕ್‌ಲೈವ್-ಫುಲ್ ಅಂತ ಮಾತ್ರ ಟೈಪ್ ಮಾಡ್ಬೇಡಿ, ನಿಮ್ಮ 8 ಜಿಬಿ ಅಲ್ಲೇ ಮುಗಿಯತ್ತೆ. ಡೆಬಿಯನ್ನು ರೆಕಮೆಂಡ್ಸ್ ಅನ್ನೋ ಹೆಸರಲ್ಲಿ ಡಾಕ್ಯುಮೆಂಟೇಶನ್ ಪ್ಯಾಕೇಜೆಲ್ಲ ಎಳ್ಕೊಂಡು ಬರತ್ತೆ, ಮದುವೆಗೆ ಒಬ್ರನ್ನ ಕರೆದ್ರೆ ಇಡೀ ವಠಾರ ಬಂದ ಹಾಗೆ. ಅದಕ್ಕೆ ನೋ-ಇನ್‌ಸ್ಟಾಲ್-ರೆಕಮೆಂಡ್ಸ್ ಹಾಕಿ, ಟೆಕ್‌ಲೈವ್-ಝೀಟೆಕ್, ಟೆಕ್‌ಲೈವ್-ಲೇಟೆಕ್-ರೆಕಮೆಂಡೆಡ್, ಟೆಕ್‌ಲೈವ್-ಲ್ಯಾಂಗ್-ಇಂಡಿಕ್, ಎಲ್‌ಮಾಡರ್ನ್, ಜೊತೆಗೆ ಫಾಂಟ್ಸ್-ಲೋಹಿತ್-ಕೆಎನ್‌ಡಿಎ ಮತ್ತೆ ಫಾಂಟ್ಸ್-ಗುಬ್ಬಿ, ಇಷ್ಟು ಸಾಕು. ಮುಗಿದ ತಕ್ಷಣ ಆಪ್ಟ್-ಗೆಟ್ ಕ್ಲೀನ್, ಇಲ್ಲಾಂದ್ರೆ ಇಳಿಸಿದ ಡೆಬ್ ಫೈಲುಗಳು ಕ್ಯಾಶ್‌ನಲ್ಲೇ ಕೂತು ಜಾಗ ತಿಂತಿರ್ತವೆ.

ಜೆಸ್ಸಿಯಲ್ಲಿ ಬರೋದು ಟೆಕ್ ಲೈವ್ 2014. ಹಳೇದು ಅಂತ ಮೂಗು ಮುರಿಯೋದು ಬೇಡ. ಝೀಟೆಕ್ 2013ರಲ್ಲಿ ಹಳೇ ಐಸಿಯು ಎಂಜಿನ್ ಬಿಟ್ಟು ಹಾರ್ಫ್‌ಬಜ್‌ಗೆ ಬಂತು, ಒತ್ತಕ್ಷರ ಕೂಡಿಸೋ ಕೆಲಸ ಈಗ ಮಾಡೋದು ಅದೇ. ನೀವು ಡೆಬಿಯನ್ 7ರಲ್ಲಿ ಇದ್ದಿದ್ರೆ ಟೆಕ್ ಲೈವ್ 2012 ಬರ್ತಿತ್ತು, ಆಗ ನಾನೂ ಅಪ್‌ಗ್ರೇಡ್ ಮಾಡಿ ಅಂತಿದ್ದೆ. ಒಂದೇ ವರ್ಷದ ಅಂತರದಲ್ಲಿ ಬಚಾವ್ ಆಗಿದೀರ. ಹಳೇ ಮಷೀನಿಗೆ ಅದರ ಕಾಲದ ಸೆಟ್ಟನ್ನೇ ಪೂರ್ತಿ ಹಾಕ್ಬೇಕು. ಒಂದು ಹೊಸ ಪ್ಯಾಕೇಜ್ ಇಲ್ಲಿಂದ, ಒಂದು ಅಲ್ಲಿಂದ ತಂದು ತುರುಕೋಕೆ ಹೋದ್ರೆನೇ ಎಲ್ಲಾ ಗೋಜಲು.

ಪೆಂಗ್ವಿನ್_ಕಾಕಾ:

ಮೊಳೆಜೋಡಣೆ ಅವ್ರು ಹೇಳಿದ್ದು ಖರೇ ಐತಿ, ಆದ್ರ ಆ ಗೆಳೆಯಾ ಕೊಟ್ಟ 2018 ಸುದ್ಧಾ ಕೆಲಸಕ್ಕ ಬರ್ತದ, ಒಗೀಬ್ಯಾಡ್ರಿ. ಟೆಕ್ ಲೈವ್ ಪ್ರತಿ ವರ್ಷಾ ಹೊಸಾದು ಬಂದಾಗ ಹಳೇದನ್ನ ಫ್ರೀಜ್ ಮಾಡ್ತಾರ, ಅಂದ್ರ ಅದಕ್ಕ ಮುಂದ ಏನೂ ಸೇರಂಗಿಲ್ಲ. ಹಂಗ ಫ್ರೀಜ್ ಆದದ್ದನ್ನ ಟಗ್ (ಟೆಕ್ ಬಳಸೂರ ಸಂಘ) ಅವ್ರು ತಮ್ಮ ಎಫ್‌ಟಿಪಿ ಸರ್ವರಿನ್ಯಾಗ ಹಿಸ್ಟಾರಿಕ್ ಅನ್ನೂ ಫೋಲ್ಡರಿನ್ಯಾಗ ವರ್ಷದ ಪ್ರಕಾರ ಇಟ್ಟಾರ. 2018ರ ಒಳಗ ಟಿಎಲ್‌ನೆಟ್-ಫೈನಲ್ ಅಂತ ಐತಿ. ಟಿಎಲ್‌ಮ್ಯಾನೇಜರಿಗೆ ಆಪ್ಶನ್ ರೆಪಾಸಿಟರಿ ಅಂತ ಹೇಳಿ ಆ ವಿಳಾಸ ಕೊಡ್ರಿ, ಆಮ್ಯಾಲ ಝೀಟೆಕ್, ಫಾಂಟ್ ಹಾಕೂ ಫಾಂಟ್‌ಸ್ಪೆಕ್, ಭಾಷಾ ನೋಡೂ ಪಾಲಿಗ್ಲಾಸಿಯಾ, ಪದ ಮುರಿಯೂ ಹೈಫನ್-ಇಂಡಿಕ್ ಎಲ್ಲಾ ಸುಮ್ಮನ ಬರ್ತಾವು. ರಿಮೋಟ್ ಹೊಸಾದು ಐತಿ ಅಂತ ಅದು ಜಗಳಾ ತಗದದ್ದು ಯಾಕಂದ್ರ ನೀವು ಅದನ್ನ ಈ ವರ್ಷದ ಅಂಗಡಿಗೆ ಕಳಿಸಿದ್ರಿ, ಅದರ ಕೈಯಾಗಿನ ಚೀಟಿ 2018ರದ್ದು.

ಡೆಬಿಯನ್‌ದು ಒಂದು, ಇದು ಒಂದು, ಎರಡೂ ಹಾಕಬ್ಯಾಡ್ರಿ ಮತ್ತ. ಪಾತ್‌ನ್ಯಾಗ ಯಾವುದು ಮೊದಲ ಸಿಗತೈತಿ ಅದು ಓಡತೈತಿ, ಇನ್ನೊಂದರ ಫೈಲ್ ಹುಡುಕಿ ತಲಿ ಕೆಡತೈತಿ. ನಾ ಒಂದು ವಾರ ಕೂತು ಇದನ್ನ ಅನುಭವಿಸೇನಿ.

ಇನ್ನ ಒಂದು, ಯಾರರೇ ಬಂದು ಝೀಟೆಕ್ ಬದಲಿ ಲುವಾಲೇಟೆಕ್ ಬಳಸ್ರಿ ಅಂದ್ರ ಕೇಳಬ್ಯಾಡ್ರಿ. ಅದರಾಗ ಹಾರ್ಫ್‌ಬಜ್ ನೆಟ್ಟಗ ಸೇರಿದ್ದು 2020ರ ಟೆಕ್ ಲೈವ್‌ನ್ಯಾಗ, ಅದಕ್ಕಿಂತ ಹಿಂದಿನದರಾಗ ಕನ್ನಡಾ ಸುಖ ಇಲ್ಲ. ಮ್ಯಾಲ ಅದು ಮೊದಲನೇ ಸಲಾ ಓಡಿಸಿದಾಗ ಇದ್ದಬದ್ದ ಫಾಂಟೆಲ್ಲ ಎಣಿಸಿ ಡೇಟಾಬೇಸ್ ಮಾಡತೈತಿ, 1 ಜಿಬಿ ರ‍್ಯಾಮಿನ್ಯಾಗ ನೀವು ಊಟಾ ಮಾಡಿ ಎದ್ದು ಬಂದ್ರೂ ಮುಗದಿರಂಗಿಲ್ಲ.

ಮಳೆಗಾಲದ_ಮೋಡೆಮ್:

ಎಲ್ರಿಗೂ ಥ್ಯಾಂಕ್ಸ್, ನಿನ್ನೆ ರಾತ್ರಿ ಕೂತೆ. 2018 ತೆಗೆದುಹಾಕಿ ಮೊಳೆಜೋಡಣೆ ಅವ್ರ ದಾರೀಲೇ ಹೋದೆ, ಜಾಗ ಸಾಕಾಯ್ತು. ಮಧ್ಯದಲ್ಲಿ ಎರಡು ಸಲ ಕರೆಂಟ್ ಹೋಯ್ತು, ನೆಟ್‌ಬುಕ್ಕಿನ ಬ್ಯಾಟರಿ ಮೂರು ನಿಮಿಷ ಅಷ್ಟೇ, ಒಂದು ಸಲ ಡಿಪಿಕೆಜಿ ಅರ್ಧಕ್ಕೆ ನಿಂತು ಕಾನ್ಫಿಗರ್ ಮೈನಸ್ ಎ ಕೊಟ್ಟು ಎಬ್ಬಿಸಬೇಕಾಯ್ತು.

ಈಗ ಪಿಡಿಎಫ್ ಬಂತು, ಆದ್ರೆ ನೋಡೋ ಹಾಗಿಲ್ಲ. "ಅಮ್ಮ" ಅಂತ ಬರೆದಿದ್ದು "ಅಮ್‌ಮ" ಅಂತ ಬರ್ತಿದೆ. "ಕೃಷ್ಣಸಂಧಾನ" ಹೋಗಿ "ಕೃಷ್‌ಣಸಂಧಾನ". ಒಂದೇ ಒಂದು ಒತ್ತಕ್ಷರನೂ ಕೆಳಗೆ ಇಳೀತಾ ಇಲ್ಲ, ಎಲ್ಲಾ ಸಾಲಾಗಿ ನಿಂತಿವೆ. ಅದೇ ಫಾಂಟು ಟೆಕ್ಸ್ಟ್ ಎಡಿಟರಲ್ಲಿ ಸರಿಯಾಗೇ ಕಾಣತ್ತೆ. ಅಪ್ಪ ನೋಡಿ "ಒಂದನೇ ಕ್ಲಾಸಿನ ಹುಡುಗ್ರು ಬರೆದ ಹಾಗಿದೆ" ಅಂದು ಎದ್ದುಹೋದ್ರು. ಮೇನ್ ಫಾಂಟ್ ಲೋಹಿತ್ ಕನ್ನಡ ಅಂತ ಒಂದು ಸಾಲು ಕೊಟ್ಟಿದೀನಿ, ಬೇರೇನೂ ಇಲ್ಲ.

ಮೊಳೆಜೋಡಣೆ:

ಆ ಒಂದು ಸಾಲಲ್ಲೇ ಇದೆ. ಫಾಂಟ್‌ಸ್ಪೆಕ್‌ಗೆ ಇದು ಕನ್ನಡ ಅಂತ ನೀವು ಹೇಳ್ದೇ ಇದ್ರೆ ಅದು ಲ್ಯಾಟಿನ್ ಅಂದ್ಕೊಂಡು ಅಕ್ಷರಗಳನ್ನ ಒಂದಾದ್ಮೇಲೆ ಒಂದು ಇಟ್ಕೊಂಡು ಹೋಗತ್ತೆ, ಫಾಂಟಿನೊಳಗಿರೋ ಒತ್ತಕ್ಷರದ ನಿಯಮದ ಕಡೆ ತಿರುಗಿಯೂ ನೋಡಲ್ಲ. ಸೆಟ್‌ಮೇನ್‌ಫಾಂಟ್‌ಗೆ ಚೌಕ ಬ್ರ್ಯಾಕೆಟ್ ಹಾಕಿ ಒಳಗೆ ಸ್ಕ್ರಿಪ್ಟ್ ಈಕ್ವಲ್ ಟು ಕನ್ನಡ ಅಂತ ಕೊಡಿ, ಎಸ್ಸು ಕೆ ಎರಡೂ ಕ್ಯಾಪಿಟಲ್. ಅಷ್ಟೇ. ಹೊಸದಾಗಿ ಬರೋರಲ್ಲಿ ಹತ್ತಕ್ಕೆ ಒಂಬತ್ತು ಜನ ಎಡವೋ ಜಾಗ ಇದು, ನಾನೂ ಎಡವಿದೀನಿ, ಎರಡು ದಿನ ಫಾಂಟೇ ಸರಿಯಿಲ್ಲ ಅಂತ ಐದಾರು ಫಾಂಟ್ ಬದಲಿಸಿ ನೋಡಿದ್ದೆ.

ಟೆಸ್ಟ್ ಮಾಡೋಕೆ ಬರೀ "ಅಮ್ಮ" ಸಾಲದು. ರ‍್ಯಾಂಕ್, ಧರ್ಮ, ಸ್ತ್ರೀ, ಅರ್ಘ್ಯ, ಕ್ಷ್ಮಾ, ಇವನ್ನ ಒಂದು ಸಾಲಲ್ಲಿ ಬರೆದು ನೋಡಿ. ಧರ್ಮದಲ್ಲಿ ಅರ್ಕಾವೊತ್ತು ಬಲಗಡೆ ಕೂರ್ಬೇಕು, ರ‍್ಯಾಂಕಲ್ಲಿ ರ ಪೂರ್ತಿ ನಿಂತು ಯ ಒತ್ತು ಕೆಳಗೆ ಬರ್ಬೇಕು. ಈ ರ‍್ಯಾಂಕಿಗೆ ರ ಆದ್ಮೇಲೆ ಝೀರೋ ವಿಡ್ತ್ ಜಾಯಿನರ್ ಇರ್ಬೇಕು, ಅಪ್ಪನ ಲೇಔಟಲ್ಲಿ ಅದು ಟೈಪ್ ಆಗತ್ತಾ ನೋಡ್ಕೊಳಿ.

ಪೆಂಗ್ವಿನ್_ಕಾಕಾ:

ಲೋಹಿತ್ ಪುಸ್ತಕಕ್ಕ ಚಂದ ಕಾಣಂಗಿಲ್ರಿ, ಸ್ಕ್ರೀನಿಗೆ ಅಡ್ಡಿಯಿಲ್ಲ. ನೋಟೋ ಸೆರಿಫ್ ಕನ್ನಡ ತಗೋರಿ, ಅಥವಾ ಗುಬ್ಬಿ. ಆದ್ರ ನೋಟೋ ಇಳಿಸಿದ್ರ ಜಿಪ್ ಒಳಗ ಮ್ಯಾಲಿಗೇ ಒಂದು ವೇರಿಯಬಲ್ ಫಾಂಟ್ ಇರ್ತದ, ಅದನ್ನ ಮುಟ್ಟಬ್ಯಾಡ್ರಿ, 2014ರ ಝೀಟೆಕ್ ಹುಟ್ಟಿದಾಗ ಆ ಜಾತಿ ಫಾಂಟೇ ಇರಲಿಲ್ಲ, ದಪ್ಪಕ್ಷರ ಬರಂಗಿಲ್ಲ. ಸ್ಟ್ಯಾಟಿಕ್ ಅನ್ನೂ ಫೋಲ್ಡರಿನ್ಯಾಗ ರೆಗ್ಯುಲರ್, ಬೋಲ್ಡ್ ಬ್ಯಾರೆ ಬ್ಯಾರೆ ಅದಾವ, ಆ ಎರಡನ್ನ ಹೋಮ್ ಡೈರೆಕ್ಟರಿಯೊಳಗ ಡಾಟ್ ಫಾಂಟ್ಸ್‌ಗೆ ಹಾಕಿ ಎಫ್‌ಸಿ-ಕ್ಯಾಶ್ ಹೊಡೀರಿ.

ಮಳೆಗಾಲದ_ಮೋಡೆಮ್:

ಬಂತು!! ಒತ್ತಕ್ಷರ ಎಲ್ಲಾ ಅದರದರ ಜಾಗದಲ್ಲಿ. ಅಪ್ಪನ್ನ ಕರೆದು ತೋರಿಸಿದೆ, ಕನ್ನಡಕ ಏರಿಸಿ "ಅರ್ಘ್ಯ" ನೋಡಿ ಹೂಂ ಅಂದ್ರು. ಅವರ ಹೂಂ ಅಂದ್ರೆ ಫಸ್ಟ್ ಕ್ಲಾಸ್ ಅಂತ ಅರ್ಥ. 140 ಪುಟಕ್ಕೆ ಒಂದೂವರೆ ನಿಮಿಷ ಹತ್ರ ತಗೊಳತ್ತೆ, ಅಧ್ಯಾಯಗಳನ್ನ ಇನ್‌ಕ್ಲೂಡ್‌ಓನ್ಲಿ ಮಾಡಿ ಒಂದೊಂದೇ ನೋಡೋದು ಹೇಳಿಕೊಟ್ಟಿದೀನಿ, ಹತ್ತು ಸೆಕೆಂಡಲ್ಲಿ ಬರತ್ತೆ.

ಇವತ್ತು ಬೆಳಗ್ಗೆ ಹೊಸ ರಾದ್ಧಾಂತ. ಆರನೇ ಅಧ್ಯಾಯದಲ್ಲಿ ಒಂದು ಪ್ಯಾರಾ ಅರ್ಧಕ್ಕೇ ಮಾಯ. "ಊರಿನ ಶೇಕಡಾ ಎಂಬತ್ತು ಜನ ಅವತ್ತು ರಾತ್ರಿ ದೇವಸ್ಥಾನದ ಅಂಗಳದಲ್ಲಿ" ಅಂತ ಅವರು 80 ಬರೆದು ಪರ್ಸೆಂಟ್ ಚಿಹ್ನೆ ಹಾಕಿದ್ರು. ಟೆಕ್‌ಗೆ ಪರ್ಸೆಂಟ್ ಅಂದ್ರೆ ಅಲ್ಲಿಂದ ಆ ಸಾಲಿನ ಕೊನೆ ತನಕ ಎಲ್ಲ ಕಾಮೆಂಟು, ಎರರ್ರೂ ಕೊಡ್ಲಿಲ್ಲ, ಸದ್ದಿಲ್ದೇ ನುಂಗಿಬಿಡ್ತು. ಅವರ ಎಡಿಟರಲ್ಲಿ ಪ್ಯಾರಾ ಅಂದ್ರೆ ಒಂದೇ ಉದ್ದ ಸಾಲು, ಹಾಗಾಗಿ 80 ಉಳೀತು, ಊರವರೆಲ್ಲ ಹೋದ್ರು. ಅಪ್ಪ ಪುಟ ಎಣಿಸಿ ಓದದೇ ಇದ್ದಿದ್ರೆ ಹಾಗೇ ಪ್ರಿಂಟ್ ಆಗ್ತಿತ್ತು. ಈಗ ಗ್ರೆಪ್ ಹಾಕಿ ಪರ್ಸೆಂಟು, ಆ್ಯಂಪರ್‌ಸ್ಯಾಂಡು, ಹ್ಯಾಶು, ಅಂಡರ್‌ಸ್ಕೋರು ಎಲ್ಲಾ ಹುಡುಕಿ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕ್ತಿದೀನಿ.

ಇನ್ನೆರಡು ಪ್ರಶ್ನೆ. ಕೆಲವು ಸಾಲು ಮಾರ್ಜಿನ್ ದಾಟಿ ಹೊರಗೆ ಚಾಚ್ತಿವೆ, "ಅರ್ಥಧಾರಿಗಳಿಬ್ಬರಿಗೂ" ಥರದ ಉದ್ದ ಪದ ಬಂದಲ್ಲಿ. ಮತ್ತೆ ಪ್ರೆಸ್ಸಿಗೆ ಪಿಡಿಎಫ್ ಕೊಡೋವಾಗ ಏನು ನೋಡ್ಕೋಬೇಕು? ಸೈಜು ಡೆಮಿ 1/8 ಅಂದಿದಾರೆ.

ಮೊಳೆಜೋಡಣೆ:

ಪರ್ಸೆಂಟ್ ಕತೆ ಕೇಳಿ ನಗು ಬಂತು, ಪಾಪ ಊರವರು.

ಸಾಲು ಚಾಚೋದು ಪದ ಎಲ್ಲಿ ಮುರೀಬೇಕು ಅಂತ ಟೆಕ್‌ಗೆ ಗೊತ್ತಿಲ್ದೇ ಇರೋದ್ರಿಂದ. ಕನ್ನಡದ ಹೈಫನೇಶನ್ ಪ್ಯಾಟರ್ನ್‌ಗಳನ್ನ ಸಂತೋಷ್ ತೊಟ್ಟಿಂಗಲ್ ಮಾಡಿಟ್ಟಿದಾರೆ, ಮಲಯಾಳಂಗೆ ಕೆಲಸ ಮಾಡ್ತಾ ಉಳಿದ ಭಾರತೀಯ ಭಾಷೆಗಳಿಗೂ ಸೇರಿಸಿದ್ರು, ನೀವು ಹಾಕಿದ ಲ್ಯಾಂಗ್-ಇಂಡಿಕ್ ಪ್ಯಾಕೇಜಲ್ಲಿ ಅದು ಬರತ್ತೆ. ಆದ್ರೆ ಅದನ್ನ ಚಾಲೂ ಮಾಡೋದು ಪಾಲಿಗ್ಲಾಸಿಯಾ. ಕೆಪಿಎಸ್‌ಇವಿಚ್ ಕಮಾಂಡಿಗೆ ಗ್ಲಾಸ್-ಕನ್ನಡ ಡಾಟ್ ಎಲ್‌ಡಿಎಫ್ ಅಂತ ಕೊಟ್ಟು ನೋಡಿ, ಪಾತ್ ತೋರಿಸಿದ್ರೆ ನಿಮ್ಮಲ್ಲಿದೆ, ಸೆಟ್‌ಮೇನ್‌ಲ್ಯಾಂಗ್ವೇಜ್ ಕನ್ನಡ ಅಂತ ಕೊಟ್ಟುಬಿಡಿ. ಏನೂ ತೋರಿಸ್ಲಿಲ್ಲ ಅಂದ್ರೆ ಎಮರ್ಜೆನ್ಸಿಸ್ಟ್ರೆಚ್‌ಗೆ 3 ಇಎಂ ಕೊಡಿ, ಪದಗಳ ನಡುವಿನ ಜಾಗ ಸ್ವಲ್ಪ ಹಿಗ್ಗತ್ತೆ, ಆಗ್ಲೂ ಮೊಂಡು ಹಿಡಿಯೋ ಪದಕ್ಕೆ ಮಾತ್ರ ಬ್ಯಾಕ್‌ಸ್ಲ್ಯಾಶ್ ಡ್ಯಾಶ್ ಹಾಕಿ ಕೈಯಾರೆ ಒಡೀರಿ. "ಅರ್ಥ" ಆದ್ಮೇಲೆ ಒಡೀರಿ, "ಅರ್ಥಧಾರಿಗಳಿ" ಆದ್ಮೇಲೆ ಒಡೆದ್ರೆ ಓದೋನು ಮುಂದಿನ ಸಾಲಲ್ಲಿ "ಬ್ಬರಿಗೂ" ನೋಡಿ ಬೆಚ್ಚಿಬೀಳ್ತಾನೆ. ನಮ್ಮ ತಂದೆ ಮೊಳೆ ಜೋಡಿಸ್ತಿದ್ದೋರು, ಸಾಲಿನ ಮೊದಲಲ್ಲಿ ಒತ್ತಕ್ಷರ ಬಂದ್ರೆ ಸ್ಟಿಕ್ ಸಮೇತ ಬಿಚ್ಚಿ ಮತ್ತೆ ಜೋಡಿಸೋರಂತೆ.

ಡೆಮಿ 1/8 ಅಂದ್ರೆ ಸುಮಾರು ಐದೂವರೆ ಇಂಚಿಗೆ ಎಂಟೂವರೆ ಇಂಚು. ಜಿಯೊಮೆಟ್ರಿ ಪ್ಯಾಕೇಜಲ್ಲಿ ಪೇಪರ್ ಅಗಲ 140 ಎಂಎಂ, ಎತ್ತರ 215 ಎಂಎಂ ಕೊಡಿ, ಬೈಂಡಿಂಗ್ ಕಡೆ ಮಾರ್ಜಿನ್ ಸ್ವಲ್ಪ ಜಾಸ್ತಿ ಬಿಡಿ, ಆದ್ರೆ ಕತ್ತರಿಸಿದ ಮೇಲಿನ ಅಳತೆ ಎಷ್ಟು ಅಂತ ಪ್ರೆಸ್ಸಲ್ಲೇ ಒಂದ್ಸಲ ಕೇಳಿ, ಒಬ್ಬೊಬ್ರದ್ದು ಎರಡು ಮೂರು ಎಂಎಂ ಹೆಚ್ಚುಕಮ್ಮಿ ಇರತ್ತೆ. ಕೊಡೋ ಮುಂಚೆ ಪಾಪ್ಲರ್-ಯುಟಿಲ್ಸ್ ಹಾಕಿ ಪಿಡಿಎಫ್‌ಫಾಂಟ್ಸ್ ಓಡಿಸಿ, ಪ್ರತಿ ಫಾಂಟಿನ ಮುಂದೆ ಇಎಂಬಿ ಕಾಲಮ್‌ನಲ್ಲಿ ಯೆಸ್ ಅಂತಿರ್ಬೇಕು. ಇದ್ರೆ ಅವರ ಕಂಪ್ಯೂಟರಲ್ಲಿ ಯಾವ ಕನ್ನಡ ಫಾಂಟ್ ಇದೆ ಇಲ್ಲ ಅನ್ನೋದು ನಿಮ್ಮ ತಲೆನೋವಲ್ಲ.

ಹೊಸದೇ_ಬೇಕು:

ಒಪ್ಕೊಂಡೆ ಮಾರಾಯ್ರೆ, ನನ್ನ ಹತ್ತು ನಿಮಿಷದ ಮಾತು ವಾಪಸ್. ಒಂದು ಮಾತ್ರ ಮಾಡಿ, ಆ ಎಸ್‌ಎಸ್‌ಡಿ ಹದಿನೈದು ವರ್ಷ ಹಳೇದು, ಟೆಕ್ಸ್ಟ್ ಫೈಲುಗಳ ಒಂದು ಕಾಪಿ ಇವತ್ತೇ ಬೇರೆ ಕಡೆ ಇಡಿ. ಇಡೀ ಪುಸ್ತಕ ಸೇರಿದ್ರೂ 2 ಎಂಬಿ ದಾಟಲ್ಲ.

ಮಳೆಗಾಲದ_ಮೋಡೆಮ್:

ಬ್ಯಾಕಪ್ ಆಯ್ತು, ಎರಡು ಪೆನ್‌ಡ್ರೈವು, ಒಂದು ಅಪ್ಪನ ಬೀರುವಲ್ಲಿ ಆಧಾರ್ ಕಾರ್ಡ್ ಜೊತೆ ಇದೆ.

ಪ್ರೆಸ್ಸಿಗೆ ಹೋಗಿದ್ದೆ. ಪಿಡಿಎಫ್ ತೆಗೆದು ನೋಡಿದ್ರು, ಝೂಮ್ ಮಾಡಿದ್ರು, ಯಾವ ಸಾಫ್ಟ್‌ವೇರ್ ಅಂದ್ರು, ಹೇಳಿದೆ, ಹಾಗಂದ್ರೇನು ಅಂದ್ರು. ಕೊನೆಗೆ "ಇದರ ಪೇಜ್‌ಮೇಕರ್ ಫೈಲ್ ಇದ್ರೆ ಕೊಡಿ, ಕರೆಕ್ಷನ್ ಬಂದ್ರೆ ನಾವೇ ಮಾಡ್ಕೋತೀವಿ" ಅಂತ ಕೇಳಿದ್ರು, ಇಲ್ಲ ಸಾರ್ ಕರೆಕ್ಷನ್ ಬಂದ್ರೆ ಅಪ್ಪನೇ ಮಾಡ್ತಾರೆ ಅಂದೆ. 16 ಪುಟದ ಒಂದು ಫಾರಂ ಪ್ರೂಫ್ ತೆಗೆದುಕೊಟ್ರು. ಅಪ್ಪ ಕೆಂಪು ಪೆನ್ ಹಿಡ್ಕೊಂಡು ಸಂಜೆ ಪೂರ್ತಿ ಕೂತಿದ್ರು, ಸಿಕ್ಕಿದ್ದು ಎರಡು ತಪ್ಪು, ಎರಡೂ ಅವರೇ ಟೈಪ್ ಮಾಡಿದ್ದು. ಗ್ಲಾಸ್-ಕನ್ನಡ ಫೈಲ್ ಇದೆ, ಹೈಫನ್ ಬರ್ತಿದೆ. ಸಿಆರ್2032 ಇನ್ನೂ ತಂದಿಲ್ಲ, ವೈರ್ ಇರೋ ಜಾತಿಯದೇ ಆಗಿತ್ತು, ಹಾಗಾಗಿ ಪುಸ್ತಕದ ಎಲ್ಲಾ ಪಿಡಿಎಫ್ ಮೇಲೂ 2009 ಜನವರಿ ಅಂತಿದೆ.